ಮೀನ ತಿಂಗಳ ಬಿಸಿಲಿಗೆ ವೃಶ್ಚಿಕದಲ್ಲೇ ತಯಾರಿ: ಕಾಸರಗೋಡಿನ ತೋಟ, ಹಿತ್ತಿಲುಗಳನ್ನು ಬೇಸಿಗೆ ದಾಟಿಸುವ ಬಗೆ

ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅಂತಹ ಊರಿನಲ್ಲಿ ಮೀನ ತಿಂಗಳು (ಮಾರ್ಚ್–ಏಪ್ರಿಲ್) ಬರುವಷ್ಟರಲ್ಲಿ ಬಾವಿಗೆ ಇಳಿಸಿದ ಕೊಡ ತಳದ ಕಲ್ಲಿಗೆ ತಾಗಿ ಸದ್ದು ಮಾಡುತ್ತದೆ ಎಂದರೆ ಘಟ್ಟದ ಮೇಲಿನವರು ನಂಬುವುದಿಲ್ಲ. ಆದರೆ ಆ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸುರಿದು ಮುಗಿಯುತ್ತದೆ. ಗುಡ್ಡದ ಮುರಕಲ್ಲು ಜರಡಿಯಂತೆ ನೀರನ್ನು ಕೆಳಗಿಳಿಸುತ್ತದೆ. ಇಳಿಜಾರು ಉಳಿದದ್ದನ್ನು ತೋಡಿಗೆ, ತೋಡು ಹೊಳೆಗೆ, ಹೊಳೆ ಸಮುದ್ರಕ್ಕೆ ಒಪ್ಪಿಸಿಬಿಡುತ್ತದೆ. ತುಲಾ ತಿಂಗಳ (ಅಕ್ಟೋಬರ್–ನವೆಂಬರ್) ಗುಡುಗು ಮಳೆ ನಿಂತ ಮೇಲೆ ಮೇ 24ರ ಆಸುಪಾಸಿನ ಪತ್ತನಾಜೆಯವರೆಗೆ, ಅಂದರೆ ಹೆಚ್ಚುಕಡಿಮೆ ಆರು ತಿಂಗಳು, ಗಿಡಮರಗಳು ಬದುಕಬೇಕಾದದ್ದು ನೆಲದೊಳಗೆ ಉಳಿದ ತೇವವನ್ನೂ ನಾವು ಕೊಡುವ ನೀರನ್ನೂ ನಂಬಿಕೊಂಡು.

ಹೀಗಾಗಿ ಮೀನ–ಮೇಷ ತಿಂಗಳುಗಳಲ್ಲಿ ಪಂಪು ಎಷ್ಟು ಹೊತ್ತು ಓಡಿತು ಎನ್ನುವುದಕ್ಕಿಂತ, ವೃಶ್ಚಿಕ–ಧನು ತಿಂಗಳುಗಳಲ್ಲಿ (ನವೆಂಬರ್ ಮಧ್ಯದಿಂದ ಜನವರಿ ಮಧ್ಯದವರೆಗೆ) ನಾವು ನೆಲ ಮುಚ್ಚಿದ್ದೇವೆಯೇ, ನೆರಳು ಕಟ್ಟಿದ್ದೇವೆಯೇ ಎನ್ನುವುದೇ ತೋಟದ ಗತಿಯನ್ನು ನಿರ್ಧರಿಸುತ್ತದೆ ಎಂಬುದು ನನ್ನ ಅನುಭವ. ಬಿಸಿಲು ನೆತ್ತಿಗೇರಿದ ಮೇಲೆ ಕೈಗೊಳ್ಳುವ ಉಪಾಯಗಳೂ ಇವೆ. ಅವನ್ನೂ ಮುಂದೆ ಹೇಳಿದ್ದೇನೆ. ಆದರೆ ಅವು ಜೀವ ಉಳಿಸುವ ಉಪಾಯಗಳೇ ಹೊರತು ಫಸಲು ಉಳಿಸುವವಲ್ಲ.

ನೆಲ ಮುಚ್ಚುವ ಕೆಲಸ

ಮಳೆ ಪೂರ್ತಿ ನಿಂತು, ಮೇಲ್ಮಣ್ಣು ಇನ್ನೂ ತೇವದಲ್ಲಿರುವಾಗಲೇ ಬುಡಗಳಿಗೆ ಹೊದಿಕೆ ಹಾಕಬೇಕು. ಒಣಗಿದ ಮಣ್ಣಿನ ಮೇಲೆ ತರಗೆಲೆ ಹರಡಿದರೆ ಒಣಗಿದ್ದನ್ನೇ ಮುಚ್ಚಿಟ್ಟಂತಾಗುತ್ತದೆ. ಆಮೇಲೆ ಬರುವ ಅಲ್ಪ ಮಳೆಯೂ ಹೊದಿಕೆಯಲ್ಲೇ ಹೀರಿಹೋಗಿ ಬೇರಿಗೆ ತಲುಪುವುದಿಲ್ಲ. ಕಾರಣಾಂತರದಿಂದ ತಡವಾಗಿದ್ದರೆ ಮೊದಲು ಬುಡಕ್ಕೆ ಎರಡು ಸಲ ನೀರುಣಿಸಿ, ಮರುದಿನ ಹೊದಿಕೆ ಹಾಕುವುದು ಸರಿಯಾದ ಕ್ರಮ. ಎರಡು ಸಲ ಎಂದು ಹೇಳಲು ಕಾರಣವಿದೆ. ಚೆನ್ನಾಗಿ ಒಣಗಿದ ಮಣ್ಣು, ಅದರಲ್ಲೂ ಎಲೆಗೊಬ್ಬರ ಹೆಚ್ಚಿರುವ ಮಣ್ಣು, ಮೊದಲ ನೀರನ್ನು ಒಳಗೆ ಬಿಟ್ಟುಕೊಳ್ಳದೆ ಜಾರಿಸಿಬಿಡುತ್ತದೆ. ಒಂದು ಚೊಂಬು ಎರೆದು, ಅರ್ಧ ಗಂಟೆ ಕಾದು, ಮತ್ತೆ ಎರೆದರೆ ಎರಡನೆಯದು ಕೆಳಗಿಳಿಯುತ್ತದೆ.

ಹೊದಿಕೆಗೆ ಏನನ್ನೂ ಕೊಂಡು ತರಬೇಕಾದ ಅಗತ್ಯ ನಮ್ಮ ಕಡೆ ಇಲ್ಲ. ಅಡಿಕೆ ಸೋಗೆ, ಒಣಗಿದ ಮಡಲು (ತೆಂಗಿನ ಗರಿ), ತೆಂಗಿನ ಸಿಪ್ಪೆ, ಗೇರು ಗುಡ್ಡೆಯ ತರಗೆಲೆ, ಬಾಳೆಯ ಒಣಗಿದ ಎಲೆ ಮತ್ತು ದಿಂಡು, ಅಡಿಕೆ ಸುಲಿದ ಸಿಪ್ಪೆ ಎಲ್ಲವೂ ಆಗುತ್ತದೆ. ತೆಂಗಿನ ಬುಡದ ಮೇಲೆ ಸಿಪ್ಪೆ ಹರಡುವುದಾದರೆ ಅದರ ಉಬ್ಬಿದ ಹೊರಮೈ ಮೇಲೆ ಬರುವಂತೆ ಕವುಚಿ ಇಡಬೇಕು. ಒಂದು ಮರಕ್ಕೆ ಸುಮಾರು 100 ಸಿಪ್ಪೆ ಹಿಡಿಯುತ್ತದೆ. ಅದನ್ನೇ ಹೊಂಡ ತೆಗೆದು ಹೂಳುವುದಾದರೆ ಕ್ರಮ ತದ್ವಿರುದ್ಧ: ಹೊಟ್ಟೆಯ ಭಾಗ ಮೇಲಾಗಿ, ಬಟ್ಟಲಿನಂತೆ, ಪದರ ಪದರವಾಗಿ ಇಟ್ಟು ನಡುನಡುವೆ ಮಣ್ಣು ತುಂಬಬೇಕು. ಮೇಲೆ ಹರಡಿದ ಸಿಪ್ಪೆಯ ಕೆಲಸ ಬಿಸಿಲನ್ನು ತಡೆಯುವುದು. ಹೂತ ಸಿಪ್ಪೆಯ ಕೆಲಸ ನೀರನ್ನು ಹಿಡಿದಿಡುವುದು. ಹೂತದ್ದು ಐದಾರು ವರ್ಷ ಕೆಲಸ ಕೊಡುತ್ತದೆ ಎಂಬುದರಿಂದ ಒಮ್ಮೆ ಮೈಬಗ್ಗಿಸಿ ಮಾಡಿದ ಶ್ರಮ ವ್ಯರ್ಥವಾಗುವುದಿಲ್ಲ. ತೆಂಗಿನ ನಾರಿನ ಹುಡಿ ಸಿಕ್ಕಿದರೆ ಇನ್ನೂ ಒಳ್ಳೆಯದು, ಅದು ತನ್ನ ತೂಕದ ಐದು ಪಟ್ಟಿಗೂ ಮಿಕ್ಕಿ ನೀರು ಹೀರಬಲ್ಲದು. ಹೊಸ ಹುಡಿಯನ್ನು ಮಾತ್ರ ಹಾಗೆಯೇ ಎಳೆ ಗಿಡಗಳಿಗೆ ಹಾಕದೆ ಒಂದು ಮಳೆಗಾಲ ನೆನೆಯಲು ಬಿಟ್ಟು ಬಳಸಬೇಕು.

ಹೊದಿಕೆಯ ದಪ್ಪ ಒಂದು ಗೇಣಿನ ಹತ್ತಿರಕ್ಕೆ ಬರಲಿ. ಇಳಿದು ಕುಳಿತ ಮೇಲೆ ನಾಲ್ಕು ಬೆರಳು ಉಳಿಯುತ್ತದೆ. ಕಾಂಡಕ್ಕೆ ತಾಗದಂತೆ ಸುತ್ತಲೂ ಒಂದು ಅಂಗೈಯಷ್ಟು ಜಾಗ ಬಿಡುವುದನ್ನು ಮರೆಯಬಾರದು. ಒಂದು ವರ್ಷ ನಾನು ಅವಸರದಲ್ಲಿ ಹೊಸ ತೆಂಗಿನ ಸಸಿಗಳ ಕುತ್ತಿಗೆಯವರೆಗೂ ತರಗೆಲೆ ಒತ್ತಿದ್ದೆ. ಮಕರ ತಿಂಗಳಲ್ಲಿ (ಜನವರಿ–ಫೆಬ್ರವರಿ) ಎಲೆ ಸರಿಸಿ ನೋಡಿದಾಗ ಸಸಿಯ ಬುಡದಿಂದ ಒಂದು ಅಡಿ ಎತ್ತರಕ್ಕೆ ಒರಲೆ ಹಸಿ ಮಣ್ಣಿನ ಗೂಡು ಮೆತ್ತಿತ್ತು. ಉಗುರಿನಿಂದ ಕೆರೆದರೆ ಒಳಗಿನ ಸಿಪ್ಪೆ ಹುಡಿಹುಡಿಯಾಗಿ ಉದುರಿತು. ಎಂಟು ಸಸಿಗಳಲ್ಲಿ ಮೂರು ಹೋದವು. ಬಿಸಿಲು ಕೊಲ್ಲದೆ ಬಿಟ್ಟದ್ದನ್ನು ನನ್ನ ಹೊದಿಕೆಯೇ ಕೊಂದಿತು.

ಕಳೆಯ ಬಗೆಗೂ ಒಂದು ಮಾತು. ಧನು ತಿಂಗಳಲ್ಲಿ ಹುಲ್ಲು ಕೆತ್ತಿ, ತೋಟವನ್ನು ಸಗಣಿ ಸಾರಿಸಿದ ಅಂಗಳದಂತೆ ಮಾಡುವವರಿದ್ದಾರೆ. ನೋಡಲು ಚೆಂದ, ಅಡಿಕೆ ಹೆಕ್ಕಲೂ ಸುಲಭ. ಆದರೆ ಬರಿನೆಲ ಕಾಯುವಷ್ಟು ಬೇರಾವುದೂ ಕಾಯುವುದಿಲ್ಲ. ಹುಲ್ಲನ್ನು ಬೇರುಸಹಿತ ಕೀಳುವ ಬದಲು ನೆಲಮಟ್ಟಕ್ಕೆ ಕತ್ತರಿಸಿ ಅಲ್ಲಿಯೇ ಬಿಟ್ಟರೆ, ಅದು ನೀರು ಕುಡಿಯುವುದೂ ನಿಲ್ಲುತ್ತದೆ, ಹೊದಿಕೆಯೂ ಆಗುತ್ತದೆ. ತೋಟದ ಮೇಲ್ಬದಿಯಲ್ಲಿ ಮುಳಿಹುಲ್ಲಿನ ಗುಡ್ಡೆ ಇದ್ದರೆ ಮಾತ್ರ ಅಂಚಿನಲ್ಲಿ ಐದಾರು ಅಡಿ ಅಗಲಕ್ಕೆ ಹುಲ್ಲು, ತರಗೆಲೆ ಎರಡನ್ನೂ ಪೂರ್ತಿ ತೆಗೆದು ಬೆಂಕಿಗಡಿ ಬಿಡಬೇಕು. ಕುಂಭ ತಿಂಗಳಲ್ಲಿ (ಫೆಬ್ರವರಿ–ಮಾರ್ಚ್) ಗುಡ್ಡೆಗೆ ಬಿದ್ದ ಬೆಂಕಿ ನಾವು ಹರಡಿದ ಸೋಗೆಯ ಮೇಲೆಯೇ ನಡೆದು ತೋಟದೊಳಗೆ ಬರುತ್ತದೆ.

ಅಡಿಕೆ ಮರದ ನೈಋತ್ಯ ಮೈ

ಅಡಿಕೆ ಮರದ ಕಾಂಡ ಬಿಸಿಲಿಗೆ ಸುಡುವುದನ್ನು ಎಲ್ಲರೂ ಬಲ್ಲರು. ಮೊದಲು ಹೊಂಬಣ್ಣದ ಕಲೆ, ಆಮೇಲೆ ಕಂದು, ಕೊನೆಗೆ ಉದ್ದಕ್ಕೆ ಸೀಳು. ಸೀಳಿನಿಂದ ಅಣಬೆ ಒಳಹೊಕ್ಕು, ನಾಲ್ಕೈದು ವರ್ಷಗಳ ನಂತರ ಒಂದು ಗಾಳಿಗೆ ಮರ ಅಲ್ಲಿಗೇ ಮುರಿದು ಬೀಳುತ್ತದೆ. ಆದರೆ ಅದು ಸುಡುವುದು ಯಾವಾಗ ಎಂಬುದನ್ನು ಹಲವರು ತಪ್ಪು ತಿಳಿದಿದ್ದಾರೆ. ಕಾಸರಗೋಡು ಸುಮಾರು 12.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಸೂರ್ಯ ಇಲ್ಲಿ ನಡು ನೆತ್ತಿಯ ಮೇಲೆ ಬರುವುದು ಏಪ್ರಿಲ್ ಕೊನೆಯ ವಾರದ ಆಸುಪಾಸಿನಲ್ಲಿ, ಅಂದರೆ ಮೇಷ ತಿಂಗಳ ಹತ್ತರ ಹೊತ್ತಿಗೆ. ಆಗ ಮರದ ಕಾಂಡಕ್ಕೆ ಅದರದೇ ತಲೆಯ ನೆರಳಿರುತ್ತದೆ. ನವೆಂಬರಿನಿಂದ ಫೆಬ್ರವರಿಯವರೆಗೆ ಸೂರ್ಯ ದಕ್ಷಿಣಕ್ಕೆ ಸರಿದಿರುವಾಗ ಮಧ್ಯಾಹ್ನದ ನಂತರದ ಬಿಸಿಲು ನೈಋತ್ಯದಿಂದ ಓರೆಯಾಗಿ ಬಂದು ನೇರವಾಗಿ ಕಾಂಡದ ಮೈಗೆ ಬಡಿಯುತ್ತದೆ. ಆದ್ದರಿಂದ ಮರಕ್ಕೆ ಸೋಗೆ ಕಟ್ಟುವ ಕೆಲಸ ವೃಶ್ಚಿಕ ತಿಂಗಳಿನದ್ದು. ವಿಷು ಮುಗಿದ ಮೇಲೆ ಕಟ್ಟಿದರೆ ಸೋಗೆಯೂ ದಂಡ, ಕೂಲಿಯೂ ದಂಡ.

ತೋಟದ ಪಡುವಣ ಮತ್ತು ತೆಂಕಣ ಅಂಚಿನ ಎರಡು ಸಾಲು ಮರಗಳಿಗೆ, ಒಳಗೆ ಎಲ್ಲಿ ಮರ ಬಿದ್ದು ಮೇಲೆ ಬಿಸಿಲಿನ ಕಿಂಡಿ ಆಗಿದೆಯೋ ಅದರ ಈಶಾನ್ಯಕ್ಕಿರುವ ಮರಗಳಿಗೆ, ಅಡಿಕೆ ಸೋಗೆಯನ್ನು ಎರಡು ಕಡೆ ಹುರಿ ಹಾಕಿ ಕಟ್ಟಬೇಕು. ಹುರಿ ಬಿಗಿಯಾಗಿರಬಾರದು. ಸೋಗೆ ಸಾಕಷ್ಟಿಲ್ಲದಿದ್ದರೆ ಸುಣ್ಣವನ್ನು ನೀರಿನಲ್ಲಿ ಕದಡಿ ಕಾಂಡದ ನೈಋತ್ಯ ಮೈಗೆ ಬಳಿದರೂ ಸಾಕು, ಬಿಳಿ ಬಣ್ಣ ಬಿಸಿಲನ್ನು ಹಿಂದೆ ಕಳುಹಿಸುತ್ತದೆ. ಹೊಸದಾಗಿ ತೋಟ ಇಡುವವರಿಗೆ ಇನ್ನೊಂದು ದಾರಿಯಿದೆ: ಸಾಲುಗಳನ್ನು ನೇರ ತೆಂಕು–ಬಡಗು ಹಾಕದೆ ಸುಮಾರು 35 ಡಿಗ್ರಿ ಪಡುವಣಕ್ಕೆ ವಾಲಿಸಿದರೆ, ಮಧ್ಯಾಹ್ನದ ನಂತರ ಒಂದು ಮರದ ನೆರಳು ಇನ್ನೊಂದರ ಕಾಂಡದ ಮೇಲೆ ಬೀಳುತ್ತದೆ. ಗಡಿಯಲ್ಲಿ ವೇಗವಾಗಿ ಬೆಳೆಯುವ ನೆರಳಿನ ಮರಗಳನ್ನು ಪಡುವಣ ಮತ್ತು ತೆಂಕಣ ಬದಿಗೆ ಮಾತ್ರ ನೆಡುವುದೂ ಇದೇ ಕಾರಣಕ್ಕೆ.

ಇದೇ ನಿಯಮ ಎಳೆಯ ಗಿಡಗಳಿಗೂ ಅನ್ವಯಿಸುತ್ತದೆ. ಮೂರು ವರ್ಷದೊಳಗಿನ ತೆಂಗಿನ ಸಸಿ, ಅಡಿಕೆ ಸಸಿ, ಕಸಿ ಮಾವುಗಳಿಗೆ ನೈಋತ್ಯದಲ್ಲಿ ಎರಡು ಗೂಟ ಊರಿ, ಹೆಣೆದ ಮಡಲನ್ನು ಓರೆಯಾಗಿ ನಿಲ್ಲಿಸಿದರೆ ಸಾಕು. ಬೆಳಗಿನ ಎಳೆಬಿಸಿಲು ಒಳಗೆ ಬರುತ್ತಿರಬೇಕು. ಸಸಿಯನ್ನು ನಾಲ್ಕೂ ಕಡೆ ಮುಚ್ಚಿದರೆ ಅದು ಸೊರಗಿ ಉದ್ದಕ್ಕೆ ಬೆಳೆಯುತ್ತದೆ, ಮಡಲು ತೆಗೆದ ದಿನವೇ ಸುಟ್ಟುಹೋಗುತ್ತದೆ. ಒಂದೆರಡು ವರ್ಷದ ಕಾಳುಮೆಣಸಿನ ಬಳ್ಳಿಗೆ ಮಾತ್ರ ಸೋಗೆಯನ್ನು ಸಡಿಲವಾಗಿ ಸುತ್ತಲೂ ಹೊದಿಸಬಹುದು.

ಎಷ್ಟು ನೀರು, ಯಾರಿಗೆ ಮೊದಲು

ನೀರಿನ ಲೆಕ್ಕಕ್ಕೆ ಒಂದು ಸರಳ ಸೂತ್ರವಿದೆ: ಒಂದು ಚದರ ಮೀಟರ್ ನೆಲದಿಂದ ಒಂದು ಮಿಲಿಮೀಟರ್ ನೀರು ಆರಿತೆಂದರೆ ಒಂದು ಲೀಟರ್ ಹೋಯಿತೆಂದೇ ಲೆಕ್ಕ. ಅಂಗಳದ ಬಿಸಿಲಿನಲ್ಲಿ ನೇರ ಗೋಡೆಯ ಪಾತ್ರೆಯೊಂದರಲ್ಲಿ ನೀರಿಟ್ಟು, ಶಾಲೆಯ ಮಕ್ಕಳ ಅಳತೆಪಟ್ಟಿಯಿಂದ ಇಂದು ಮತ್ತು ನಾಳೆ ಅಳೆದರೆ ನಿಮ್ಮ ಅಂಗಳದಲ್ಲಿ ದಿನಕ್ಕೆ ಎಷ್ಟು ಆರುತ್ತದೆ ಎಂದು ತಿಳಿಯುತ್ತದೆ. ಅದು 5 ಮಿಲಿಮೀಟರ್ ಎಂದಿಟ್ಟುಕೊಳ್ಳೋಣ. 2.7 ಮೀಟರ್ ಅಂತರದಲ್ಲಿ ನೆಟ್ಟ ಅಡಿಕೆ ಮರವೊಂದರ ಪಾಲಿನ ನೆಲ ಸುಮಾರು 7.3 ಚದರ ಮೀಟರ್. ದಿನಕ್ಕೆ 36 ಲೀಟರಿನಷ್ಟು ಹೋಗುತ್ತದೆ ಎಂದಾಯಿತು. ಅಡಿಕೆಗೆ ಒಂದು ಸಲಕ್ಕೆ 175 ಲೀಟರಿನಂತೆ ನವೆಂಬರ್–ಡಿಸೆಂಬರಿನಲ್ಲಿ ಏಳೆಂಟು ದಿನಕ್ಕೊಮ್ಮೆ, ಜನವರಿ–ಫೆಬ್ರವರಿಯಲ್ಲಿ ಆರು ದಿನಕ್ಕೊಮ್ಮೆ, ಮಾರ್ಚ್‌ನಿಂದ ಮೇವರೆಗೆ ಮೂರರಿಂದ ಐದು ದಿನಕ್ಕೊಮ್ಮೆ ನೀರುಣಿಸಬೇಕೆಂಬ ಶಿಫಾರಸು ಈ ಲೆಕ್ಕಕ್ಕೆ ಚೆನ್ನಾಗಿಯೇ ಹೊಂದುತ್ತದೆ. ಡ್ರಿಪ್ ಇದ್ದರೆ ದಿನಕ್ಕೆ 16ರಿಂದ 20 ಲೀಟರಿನಲ್ಲಿ ಕೆಲಸ ಮುಗಿಯುತ್ತದೆ, ಏಕೆಂದರೆ ಬೇರಿಲ್ಲದ ನೆಲವನ್ನು ಅದು ನೆನೆಸುವುದಿಲ್ಲ. ಅಡಿಕೆಯ ಬಹುಪಾಲು ಬೇರು ಬುಡದಿಂದ ಒಂದು ಮೀಟರಿನೊಳಗೇ ಇದೆ. ಕಾಯಿ ಬಿಡುವ ತೆಂಗಿಗೆ ನಾಲ್ಕು ದಿನಕ್ಕೊಮ್ಮೆ 200 ಲೀಟರ್, ಹೊಸ ತೆಂಗಿನ ಸಸಿಗೆ ನಾಲ್ಕು ದಿನಕ್ಕೊಮ್ಮೆ 45 ಲೀಟರ್ ಎಂಬುದು ಈ ಭಾಗದ ವಾಡಿಕೆಯ ಶಿಫಾರಸು. 1916ರಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಶುರುವಾಗಿ 1970ರಲ್ಲಿ ಸಿಪಿಸಿಆರ್‌ಐ (ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ) ಎಂಬ ಹೆಸರು ಪಡೆದ ಸಂಸ್ಥೆ ಕಾಸರಗೋಡು ಪೇಟೆಯ ಪಕ್ಕದಲ್ಲೇ ಇರುವುದರಿಂದ, ಇಂತಹ ಅಂಕೆಗಳು ನಮ್ಮ ಮಣ್ಣಿಗೆ ಹೊರಗಿನವಲ್ಲ.

ಆದರೆ ಇಷ್ಟೂ ನೀರು ಇದ್ದವರಿಗೆ ಈ ಬರಹದ ಅಗತ್ಯವೇ ಇಲ್ಲ. ಬಾಯಾರು, ಪೈವಳಿಕೆ, ಎಣ್ಮಕಜೆ ಕಡೆಯ ಗುಡ್ಡದ ಮನೆಗಳಲ್ಲಿ, ನೀರಿಗಾಗಿ ಗುಡ್ಡದೊಳಗೆ ಅಡ್ಡಲಾಗಿ ಕೊರೆದ ಸುರಂಗದ ನೀರೇ ಆಧಾರ. ಹೆಬ್ಬೆರಳ ದಪ್ಪದ ನೀರು ಹಗಲೂ ರಾತ್ರಿಯೂ ಹರಿಯುತ್ತಿರುವಾಗ ಅದನ್ನು ಹಿಡಿದಿಡುವ ಟಾಂಕಿಯೋ ಮಣ್ಣಿನ ಮದಕವೋ ಇಲ್ಲದಿದ್ದರೆ ರಾತ್ರಿಯ ಪಾಲು ಪೂರ್ತಿ ಪೋಲು. ಒಂದು ಲೆಕ್ಕ ಹಾಕಿ ನೋಡಿ: ನಿಮಿಷಕ್ಕೆ ಎರಡೇ ಲೀಟರ್ ಬರುವ ಸುರಂಗವಾದರೂ ದಿನಕ್ಕೆ 2,880 ಲೀಟರ್ ಕೊಡುತ್ತದೆ, ಅಂದರೆ ಡ್ರಿಪ್ಪಿನಲ್ಲಿ 140ಕ್ಕೂ ಹೆಚ್ಚು ಅಡಿಕೆ ಮರಗಳಿಗೆ ಸಾಕಾಗುವಷ್ಟು. ಸುರಂಗ ತೋಟಕ್ಕಿಂತ ಎತ್ತರದಲ್ಲಿದ್ದರೆ ಪಂಪೂ ಬೇಡ. ತೋಡಿನ ಬದಿಯವರು ವೃಶ್ಚಿಕ–ಧನುವಿನಲ್ಲಿ ಹರಿವು ಇಳಿಯುವ ಮೊದಲು ನಾಲ್ಕು ಮನೆಯವರು ಸೇರಿ ಕಟ್ಟ (ತೋಡಿಗೆ ಅಡ್ಡ ಹಾಕುವ ತಾತ್ಕಾಲಿಕ ಒಡ್ಡು) ಕಟ್ಟಿದರೆ, ಕಟ್ಟದಲ್ಲಿ ನಿಂತ ನೀರಿಗಿಂತಲೂ ಅದರಿಂದ ಅಕ್ಕಪಕ್ಕದ ಬಾವಿಗಳಿಗೆ ಇಳಿಯುವ ನೀರಿನ ಪ್ರಯೋಜನ ದೊಡ್ಡದು. ಕಲ್ಲು–ಮಣ್ಣಿನ ಕಟ್ಟಕ್ಕೆ ಆಳು ಸಿಗುವುದಿಲ್ಲ ಎಂಬ ದೂರು ನಿಜವೇ. ಗೋಣಿಯಲ್ಲಿ ಹೊಯಿಗೆ ತುಂಬಿ, ನಡುವೆ ಪ್ಲಾಸ್ಟಿಕ್ ಹಾಳೆ ಹಾಸಿ ಕಟ್ಟಿದ ಕಟ್ಟವೂ ಕೆಲಸ ಮಾಡುತ್ತದೆ.

ನೀರು ಎಲ್ಲರಿಗೂ ಸಾಲದೆಂದು ಗೊತ್ತಾದಾಗ ಎಲ್ಲಕ್ಕೂ ಅರ್ಧರ್ಧ ಹಂಚುವುದು ನಾವು ಸಾಮಾನ್ಯವಾಗಿ ಮಾಡುವ ತಪ್ಪು. ಅರೆಬರೆ ನೀರು ಮೇಲಿನ ಎರಡಿಂಚು ಮಣ್ಣನ್ನು ಮಾತ್ರ ನೆನೆಸಿ ಅಂದೇ ಆರಿಹೋಗುತ್ತದೆ. ಬೇರೂ ಅದನ್ನೇ ಹುಡುಕಿಕೊಂಡು ಮೇಲೆ ಬಂದು ಮುಂದಿನ ವಾರ ಸುಡುತ್ತದೆ. ಅದರ ಬದಲು ಕುಂಭ ತಿಂಗಳ ಮೊದಲಲ್ಲೇ ಒಂದು ಸಂಜೆ ಬಾವಿಯ ನೀರಿನ ಮಟ್ಟ ಅಳೆದು, ಮನೆಯವರು ಕೂತು, ಯಾರಿಗೆ ಕೊಡುವುದು ಯಾರಿಗೆ ಬಿಡುವುದು ಎಂದು ತೀರ್ಮಾನಿಸಬೇಕು. ನನ್ನ ಕ್ರಮ ಹೀಗಿದೆ. ಮೊದಲ ಪಾಲು ಮೂರು ವರ್ಷದೊಳಗಿನ ಎಲ್ಲ ಗಿಡಗಳಿಗೆ, ಅವುಗಳಿಗೆ ಬೇಕಾಗುವುದು ಕಡಿಮೆ, ಕಳೆದುಕೊಂಡರೆ ಹೋಗುವುದು ಮೂರು ವರ್ಷ. ಎರಡನೆಯ ಪಾಲು ಫಲ ಕೊಡುವ ಅಡಿಕೆಗೆ, ಏಕೆಂದರೆ ಹಿಂಗಾರ ಬಿಚ್ಚಿ ನಳ್ಳಿ (ಎಳೆ ಕಾಯಿ) ನಿಲ್ಲುವ ಕಾಲ ಇದೇ ಬೇಸಿಗೆ. ನೀರು ತಪ್ಪಿದರೆ ಬುಡದಲ್ಲಿ ಹಸಿರು ನಳ್ಳಿ ಹಾಸಿದಂತೆ ಬಿದ್ದಿರುತ್ತದೆ. ಮೂರನೆಯದು ತೆಂಗು ಮತ್ತು ಕೊಕ್ಕೋ. ಬಾಳೆ ಹೊಟ್ಟೆಬಾಕ; ಗೊನೆ ಹಾಕಿದ್ದಕ್ಕೆ ಮಾತ್ರ ನೀರು ಕೊಟ್ಟು, ಉಳಿದ ಹಿಂಡಿನಲ್ಲಿ ಒಂದೊಂದೇ ಕಂದು ಬಿಟ್ಟು ಕಡಿದು, ಆ ದಿಂಡನ್ನು ಸೀಳಿ ಅಡಿಕೆ ಬುಡಕ್ಕೆ ಹಾಕಬಹುದು, ಅದೂ ನೀರೇ. ದೊಡ್ಡ ಹಲಸು, ಮಾವು, ಗೇರು, ಪುನರ್ಪುಳಿಗಳಿಗೆ ಒಂದು ಹನಿಯೂ ಬೇಡ. ಅಂಗಳದ ಹುಲ್ಲುಹಾಸು ಕಂದಾದರೆ ಆಗಲಿ, ಎರಡು ಮಳೆಗೆ ತಾನೇ ಚಿಗುರುತ್ತದೆ.

ತೆಂಗನ್ನು ಮೂರನೆಯ ಪಾಲಿಗೆ ಹಾಕಿದ್ದಕ್ಕೆ ಆಕ್ಷೇಪ ಬರಬಹುದು. ತೆಂಗು ಬರವನ್ನು ತಡೆದುಕೊಳ್ಳುತ್ತದೆ ಎಂಬುದು ನಿಜ, ಆದರೆ ಮರೆಯುವುದಿಲ್ಲ. ಅದರ ಹೊಂಬಾಳೆ ಬಿರಿಯುವ ಸುಮಾರು 32 ತಿಂಗಳ ಮೊದಲೇ ಅದರ ಮೊಳಕೆ ಮರದ ತಲೆಯೊಳಗೆ ರೂಪುಗೊಂಡಿರುತ್ತದೆ; ಬಿರಿದ ಮೇಲೆ ಕಾಯಿ ಬಲಿಯಲು ಇನ್ನೊಂದು ವರ್ಷ ಬೇಕು. ಈ ಬೇಸಿಗೆಯ ಬಾಯಾರಿಕೆಯ ಲೆಕ್ಕವನ್ನು ಮರ ಎರಡು ಮೂರು ವರ್ಷಗಳ ನಂತರ ಒಪ್ಪಿಸುತ್ತದೆ. ಕಾಯಿ ಕಡಿಮೆಯಾದ ವರ್ಷದ ಗೊಬ್ಬರವನ್ನೋ ರೋಗವನ್ನೋ ದೂರುವ ಮೊದಲು ಹಿಂದಿನ ಬೇಸಿಗೆಗಳನ್ನು ನೆನಪು ಮಾಡಿಕೊಳ್ಳಬೇಕು.

ಕಾಳುಮೆಣಸು ಇವೆಲ್ಲಕ್ಕಿಂತ ಬೇರೆ. ಫಲ ಕೊಡುವ ಬಳ್ಳಿಗೆ ಮಾರ್ಚ್ ಕೊನೆಯವರೆಗೆ ಹಿತಮಿತವಾಗಿ ನೀರು ಕೊಟ್ಟು, ಆಮೇಲೆ ಮಳೆ ಬರುವವರೆಗೆ ನಿಲ್ಲಿಸುವುದೇ ಕ್ರಮ; ಹಾಗೆ ಬಾಯಾರಿದ ಬಳ್ಳಿ ಮಳೆಗೆ ಒಮ್ಮೆಗೇ ಚಿಗುರಿ ಕರೆ (ಹೂಗೊಂಚಲು) ಬಿಡುತ್ತದೆ. ಅಡಿಕೆ ಮರಕ್ಕೆ ಹಬ್ಬಿಸಿದ ಬಳ್ಳಿಯಲ್ಲಿ ಇದು ಕೈಗೂಡುವುದಿಲ್ಲ. ಅಲ್ಲಿ ಅಡಿಕೆಯ ಮಾತೇ ನಡೆಯುತ್ತದೆ.

ಹೊತ್ತಿನ ವಿಚಾರದಲ್ಲಿ ಹೆಚ್ಚು ಹೇಳುವುದಿಲ್ಲ. ಬೆಳಗ್ಗೆ ಎಂಟು ಗಂಟೆಯೊಳಗೆ ಅಥವಾ ಸೂರ್ಯ ಮುಳುಗಿದ ಮೇಲೆ. ಸ್ಪ್ರಿಂಕ್ಲರನ್ನು ಹಗಲಿನ ಹನ್ನೆರಡಕ್ಕೆ ತಿರುಗಿಸಿದರೆ ಅದು ತೋಟಕ್ಕಿಂತ ಹೆಚ್ಚಾಗಿ ಗಾಳಿಗೆ ನೀರುಣಿಸುತ್ತದೆ. ನೀರು ಎಷ್ಟು ಆಳ ಇಳಿಯಿತು ಎಂದು ತಿಳಿಯಲು ಮರುದಿನ ಬೆಳಗ್ಗೆ ಒಂದು ಬುಡದಲ್ಲಿ ಪಿಕ್ಕಾಸಿನಿಂದ ಒಂದು ಗೇಣು ತೋಡಿ, ಅಡಿಯ ಮಣ್ಣನ್ನು ಮುಷ್ಟಿಯಲ್ಲಿ ಹಿಸುಕಬೇಕು. ಉಂಡೆ ಕಟ್ಟಿ, ಹೆಬ್ಬೆರಳಿನಿಂದ ಒತ್ತಿದಾಗ ಎರಡು ಮೂರು ಹೋಳಾದರೆ ತೇವ ಸರಿಯಿದೆ; ಉಂಡೆಯೇ ಕಟ್ಟದೆ ಬೆರಳ ಸಂದಿಯಿಂದ ಸುರಿದರೆ ನಿನ್ನೆಯ ನೀರು ಅಲ್ಲಿಗೆ ತಲುಪಿಲ್ಲ; ಅಂಗೈ ಒದ್ದೆಯಾದರೆ ನೀವು ದಂಡ ಮಾಡುತ್ತಿದ್ದೀರಿ. ಮುರಮಣ್ಣಿನಲ್ಲಿ ಮೂರನೆಯದು ಅಪರೂಪ, ಬೈಲಿನ ತೋಟದಲ್ಲಿ ಸಾಮಾನ್ಯ.

ಹಿತ್ತಿಲು, ಬಸಳೆ ಚಪ್ಪರ, ಚಟ್ಟಿಗಳು

ಬಸಳೆಯ ಬುಡವನ್ನು ಬಚ್ಚಲಿನ ಹತ್ತಿರ ಇಟ್ಟ ಹಿರಿಯರಿಗೆ ನೀರಿನ ಬೆಲೆ ತಿಳಿದಿತ್ತು. ಸ್ನಾನದ ನೀರು, ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರುಗಳನ್ನು ಬಸಳೆ, ಬಾಳೆ, ತೆಂಗು, ಕೆಸುವಿಗೆ ನಿಶ್ಚಿಂತೆಯಿಂದ ಬಿಡಬಹುದು. ಬಟ್ಟೆ ಒಗೆಯುವ ಯಂತ್ರದ ಮೊದಲ ನೀರಿನಲ್ಲಿ ಸೋಡಾದ ಅಂಶ ಹೆಚ್ಚಿರುವುದರಿಂದ ಅದನ್ನು ಬೇರೆ ಕಡೆ ಹರಿಸಿ, ಜಾಲಿಸಿದ ಎರಡನೆಯ ನೀರನ್ನು ಮಾತ್ರ ಬಳಸುವುದು ಒಳ್ಳೆಯದು. ಅದನ್ನೂ ಒಂದೇ ಬುಡಕ್ಕೆ ದಿನವೂ ಬಿಡದೆ ಸರದಿಯಲ್ಲಿ ಬದಲಿಸಬೇಕು. ಹಸಿಯಾಗಿ ತಿನ್ನುವ ಮುಳ್ಳುಸೌತೆ, ಕೊತ್ತಂಬರಿಗಳಿಗೆ ಇಂತಹ ನೀರು ಬೇಡ.

ಬೇಸಿಗೆಯ ತರಕಾರಿಯಲ್ಲಿ ಆಸೆ ಕಡಿಮೆಯಿರಬೇಕು. ಅಲಸಂಡೆ, ಬೆಂಡೆ, ಹರಿವೆ, ತೊಂಡೆ ಬಿಸಿಲನ್ನು ತಾಳುತ್ತವೆ. ಎಲೆಕೋಸು, ಹೂಕೋಸುಗಳನ್ನು ಮಕರದ ಚಳಿಯೊಂದಿಗೇ ಮುಗಿಸಿಬಿಡಬೇಕು. ಹತ್ತು ಸಾಲು ಹಾಕಿ ಹತ್ತನ್ನೂ ಬಾಡಿಸುವುದಕ್ಕಿಂತ ನಾಲ್ಕು ಸಾಲು ಹಾಕಿ, ಏರುಮಡಿಯ ಬದಲು ತಗ್ಗಿನ ಕಣಿಯಲ್ಲಿ ನೆಟ್ಟು, ಮೇಲೆ ಅಡಿಕೆ ಸೋಗೆಯ ತೆಳು ಚಪ್ಪರ ಹಾಕುವುದು ಮೇಲು. ನೆರಳಿನ ಬಲೆ ಕಟ್ಟುವವರು ಅರ್ಧ ಬೆಳಕು ಬಿಡುವಂತಹದನ್ನು ಆರಿಸಿ, ಗಿಡದ ತುದಿಯಿಂದ ಕನಿಷ್ಠ ಒಂದು ಮೊಳ ಮೇಲೆ ಕಟ್ಟಬೇಕು. ಗಿಡಕ್ಕೆ ತಾಗಿದ ಬಲೆ ಕಾದ ಹಂಚಿನಂತೆ ಚಿಗುರನ್ನು ಸುಡುತ್ತದೆ.

ಮಡಕೆಯ ಉಪಾಯವನ್ನು ನಾನು ತುಂಬ ಮೆಚ್ಚುತ್ತೇನೆ. ಸೋರುವ ಹಳೆಯ ಮಣ್ಣಿನ ಮಡಕೆಯನ್ನು, ಬಾಯಿ ಮಾತ್ರ ಹೊರಗೆ ಕಾಣುವಂತೆ, ಮೂರು ನಾಲ್ಕು ಗಿಡಗಳ ನಡುವೆ ಹೂತು, ನೀರು ತುಂಬಿ, ಕರಟವನ್ನೋ ಕಲ್ಲಿನ ಚಪ್ಪಡಿಯನ್ನೋ ಮುಚ್ಚಿಡಬೇಕು. ಸುತ್ತಲಿನ ಮಣ್ಣು ಒಣಗಿದಷ್ಟೂ ಮಡಕೆ ಹೆಚ್ಚು ಒಸರುತ್ತದೆ, ಮಣ್ಣು ನೆನೆದಾಗ ತಾನೇ ನಿಧಾನಿಸುತ್ತದೆ. ಎಣ್ಣೆ ಹೀರಿದ ಅಡುಗೆಯ ಮಡಕೆ ಈ ಕೆಲಸಕ್ಕೆ ಬಾರದು, ಅದರ ಸಣ್ಣ ರಂಧ್ರಗಳೆಲ್ಲ ಮುಚ್ಚಿಹೋಗಿರುತ್ತವೆ. ಮುಚ್ಚಳ ಮರೆತರೆ ಸೊಳ್ಳೆ ಸಾಕಿದಂತಾಗುತ್ತದೆ.

ತಾರಸಿಯ ಗ್ರೋ ಬ್ಯಾಗು, ಚಟ್ಟಿಗಳಲ್ಲಿ ಗಿಡ ಸಾಯುವುದು ಹೆಚ್ಚಾಗಿ ಬೇರು ಬೆಂದು. ಮಧ್ಯಾಹ್ನ ಎರಡು ಗಂಟೆಗೆ ಕಪ್ಪು ಚೀಲದ ಪಡುವಣ ಮೈಗೆ ಕೈಯಿಟ್ಟು ನೋಡಿ. ಕೈ ಇಡಲಾಗದಿದ್ದರೆ ಒಳಗಿನ ಬೇರಿಗೂ ಅದೇ ಗತಿ. ಚೀಲಗಳನ್ನು ಒತ್ತೊತ್ತಾಗಿ ಗುಂಪು ಮಾಡಿ, ದೊಡ್ಡವನ್ನು ಪಡುವಣಕ್ಕಿಟ್ಟು, ಹೊರಸಾಲಿಗೆ ಅಡಿಕೆ ಹಾಳೆಯನ್ನು ಅಡ್ಡ ನಿಲ್ಲಿಸಿ, ಅಡಿಗೆ ಎರಡು ಕರಟವನ್ನೋ ಹಂಚಿನ ತುಂಡನ್ನೋ ಕೊಟ್ಟು ಸಿಮೆಂಟಿನಿಂದ ಎತ್ತರಿಸಿದರೆ ಅರ್ಧ ಸಮಸ್ಯೆ ಮುಗಿಯಿತು. ಕೊಳವೆಯಲ್ಲಿ ಬಿಸಿಲಿಗೆ ಕಾದು ನಿಂತ ನೀರನ್ನು ನೇರವಾಗಿ ಗಿಡಕ್ಕೆ ಬಿಡಬಾರದು, ಮೊದಲ ಒಂದು ನಿಮಿಷದ ನೀರನ್ನು ಕೊಡಕ್ಕೆ ಹಿಡಿದಿಟ್ಟುಕೊಳ್ಳಬೇಕು.

ಬಿಸಿಲು ಏರಿದ ದಿನಗಳಲ್ಲಿ

ಕರಾವಳಿಯಲ್ಲಿ ಗರಿಷ್ಠ ಉಷ್ಣತೆ 37 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕೂ ಮೇಲೇರಿ, ಅದು ಆ ದಿನದ ವಾಡಿಕೆಗಿಂತ ಕನಿಷ್ಠ 4.5 ಡಿಗ್ರಿ ಹೆಚ್ಚಿದ್ದರೆ ಹವಾಮಾನ ಇಲಾಖೆ ಅದನ್ನು ಬಿಸಿಗಾಳಿಯ ಸ್ಥಿತಿ ಎಂದು ಪರಿಗಣಿಸುತ್ತದೆ. ಅಂತಹ ದಿನಗಳಲ್ಲಿ ಮಧ್ಯಾಹ್ನ ಎಲೆ ಜೋತುಬಿದ್ದದ್ದನ್ನು ಕಂಡೊಡನೆ ಕೊಳವೆ ಹಿಡಿದು ಓಡಬಾರದು. ಬೆಳಗ್ಗೆ ಆರು ಗಂಟೆಗೆ ಮತ್ತೆ ನೋಡಬೇಕು: ಎಲೆ ನೆಟ್ಟಗಾಗಿದ್ದರೆ ನಿನ್ನೆ ಅದು ಬಿಸಿಲಿಗೆ ತಲೆತಗ್ಗಿಸಿದ್ದಷ್ಟೆ, ಮುಂಜಾನೆಯೂ ಜೋತೇ ಇದ್ದರೆ ಬುಡದಲ್ಲಿ ನೀರಿಲ್ಲ, ತಡಮಾಡದೆ ಕೊಡಬೇಕು. ಬುಡ ಒದ್ದೆಯಿದ್ದೂ ಬೆಳಗ್ಗೆ ಬಾಡಿದ್ದರೆ ಅದು ಬೇರಿನ ಕಾಯಿಲೆ, ನೀರು ಹಾಕಿದಷ್ಟೂ ಕೆಡುತ್ತದೆ.

ಈ ದಿನಗಳಲ್ಲಿ ಬುಡ ಬಿಡಿಸುವುದು, ಅಗೆಯುವುದು, ಗೊಬ್ಬರ ಹಾಕುವುದು, ಹೊಸ ಗಿಡ ನೆಡುವುದು ಯಾವುದೂ ಬೇಡ. ಒಣ ಮಣ್ಣಿಗೆ ಬಿದ್ದ ಯೂರಿಯಾ ಎಳೆಬೇರನ್ನು ಸುಡುತ್ತದೆ. ಅದರಿಂದ ಹೊರಟ ಮೆದು ಚಿಗುರು ಇನ್ನಷ್ಟು ನೀರು ಬೇಡುತ್ತದೆ. ಸುಟ್ಟು ಕಂದಾದ ಎಲೆಯನ್ನು ಅಂದಕ್ಕಾಗಿ ಕತ್ತರಿಸಬಾರದು, ಕೆಳಗಿನ ಹಸಿರೆಲೆಗೆ ಅದೇ ಕೊಡೆ. ಅಡಿಕೆ ಸಸಿಯ ಎಲೆಯ ಅಡಿಭಾಗ ಮಂಕಾಗಿ, ಕಂಚಿನ ಬಣ್ಣಕ್ಕೆ ತಿರುಗಿದರೆ ನುಸಿ ಹತ್ತಿದೆ ಎಂದರ್ಥ, ಒಣಹವೆ ಅದಕ್ಕೆ ಸುಗ್ಗಿ. ಆರಂಭದಲ್ಲಾದರೆ ಎಲೆಯಡಿಗೆ ನೀರನ್ನು ರಭಸದಿಂದ ಚಿಮ್ಮಿಸಿದರೆ ತೊಳೆದುಹೋಗುತ್ತದೆ.

ಎರಡು ವಾರ ನೀರಿಲ್ಲದೆ ಒಣಗಿದ ಅಡಿಕೆ ಮರಕ್ಕೆ ಪಕ್ಕದವರ ಬೋರ್‌ವೆಲ್ಲಿನಿಂದ ನೀರು ಸಿಕ್ಕಿತೆಂದು ಒಂದೇ ದಿನ ಬುಡ ತುಂಬಿಸಬಾರದು. ಸಿಪ್ಪೆ ಹಿಗ್ಗುವ ಮೊದಲು ಒಳಗಿನ ಕಾಯಿ ಉಬ್ಬಿ ಕಾಯಿ ಒಡೆಯುತ್ತದೆ. ಮೊದಲ ದಿನ ಕಾಲುಭಾಗ, ಮೂರನೆಯ ದಿನ ಅರ್ಧ, ಆಮೇಲೆ ಪೂರ್ತಿ. ಕೆಲಸ ಮಾಡುವವರ ಮೈಯೂ ತೋಟದ್ದೇ ಭಾಗ. ಬೇಸಿಗೆಯಲ್ಲಿ ಬಿಸಿಲಿನ ಕೆಲಸಕ್ಕೆ ಮಧ್ಯಾಹ್ನ 12ರಿಂದ 3ರವರೆಗೆ ವಿರಾಮ ಕೊಡಬೇಕೆಂದು ಕೇರಳ ಸರ್ಕಾರ ಹೊರಡಿಸುವ ಆದೇಶವನ್ನು ತೋಟದವರೂ ಪಾಲಿಸಬೇಕು.

ಕುಂಭದಲ್ಲಿ ಮಳೆ ಬಂದರೆ ಕುಪ್ಪೆಯಲ್ಲೂ ಮಾಣಿಕ್ಯ ಎಂಬ ಮಲಯಾಳದ ಗಾದೆ ನಮ್ಮ ಬಾಯಲ್ಲೂ ಇದೆ. ಅಂತಹ ಒಂದು ಮಳೆ ಬಂದರೆ ಮರುದಿನವೇ, ಹದ ಆರುವ ಮೊದಲು, ಹೊದಿಕೆ ತೆಳುವಾದ ಬುಡಗಳಿಗೆಲ್ಲ ಮತ್ತೊಂದು ಪದರ ಸೋಗೆ ಹಾಕಬೇಕು, ಪಂಪನ್ನು ನಾಲ್ಕು ದಿನ ಮಲಗಿಸಬೇಕು. ಮಳೆ ನಿಜವಾಗಿ ಒಳಗಿಳಿದಿದೆಯೇ ಎಂದು ಪಿಕ್ಕಾಸಿನಿಂದ ನೋಡಿಯೇ ಪಂಪು ನಿಲ್ಲಿಸುವುದು ಕ್ಷೇಮ. ಅಂಗಳ ಒದ್ದೆಯಾದ ಮಾತ್ರಕ್ಕೆ ತೋಟ ಕುಡಿದಂತಾಗಲಿಲ್ಲ.

ಪತ್ತನಾಜೆ ಕಳೆದು ಮಳೆ ಹಿಡಿದ ಮೇಲೆ, ಕಾಳುಮೆಣಸಿನ ಬುಡದ ಹೊದಿಕೆಯನ್ನು ಬಳ್ಳಿಯಿಂದ ದೂರಕ್ಕೆ ಸರಿಸಬೇಕು, ಒದ್ದೆ ಎಲೆಯೊಳಗೆ ಸೊರಗು ರೋಗ ಬೇಗ ಕುದುರುತ್ತದೆ. ಸಸಿಗಳ ಮಡಲನ್ನು ಬಿಸಿಲಿನ ದಿನ ತೆಗೆಯದೆ ಮೋಡ ಕವಿದ ಸಂಜೆ ತೆಗೆಯಬೇಕು. ಡ್ರಿಪ್ಪಿನ ಕೊಳವೆಗಳ ತುದಿ ಬಿಚ್ಚಿ ಕೆಸರು ಹೋಗುವವರೆಗೆ ನೀರು ಹರಿಸಿ ಸುತ್ತಿಡಬೇಕು, ಕಟ್ಟದ ಗೋಣಿಗಳನ್ನು ತೋಡು ಕೆಂಪಾಗುವ ಮೊದಲೇ ಮೇಲೆ ತರಬೇಕು. ಬೇಸಿಗೆಯಲ್ಲಿ ಕಾಲಿಗೆ ಅಡ್ಡಿಯಾಗುತ್ತದೆಂದು ತರಗೆಲೆ ತುಂಬಿಸಿದ್ದ ತೋಟದ ಕಣಿಗಳನ್ನು ಬಿಡಿಸುವುದು ಕೊನೆಯ ಕೆಲಸ. ಆ ಎಲೆ ಆಗಲೇ ಅರ್ಧ ಗೊಬ್ಬರವಾಗಿರುತ್ತದೆ, ಬುಟ್ಟಿಯಲ್ಲಿ ತುಂಬಿ ಪಕ್ಕದ ಬುಡಕ್ಕೇ ಸುರಿಯಬಹುದು.